ಹಾಲನ್ನು ತೊರೆದವರ ವಿಚಾರ



ಮಠದ ಮಹೋತ್ಸವವೆಂಬುದು ದಾಸೋಹದ ಮಹೋತ್ಸವವೂ ಅಹುದು. ಈಗತಾನೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿ ಬಂದ ಸಭೆಯ ಮುಂದೆ ಆಹಾರದ ವಿಚಾರವನ್ನೆತ್ತುವುದು ಅಪ್ರಸ್ತುತವಾಗಲಾರದು. ಮಾಂಸವನ್ನು ವರ್ಜಿಸುವುದು ಇಲ್ಲಿ ನೆರೆದಿರುವವರಲ್ಲಿ ಬಹುಮಂದಿಗೆ ಹುಟ್ಟಿನೊಡನೆ ಬಂದ ನಡೆ. ತಾವೇಕೆ ಮಾಂಸವನ್ನು ತಿನ್ನುವುದಿಲ್ಲವೆಂದು ಅವರು ಯಾರಿಗಾದರೂ ಕಾರಣ ಹೇಳಬೇಕಾದ ಪ್ರಸಂಗವು ಅಪರೂಪ. ಆದರೆ ಈಚಿನ ವರ್ಷಗಳಲ್ಲಿ ಇಂಥ ಮನೆಗಳಲ್ಲಿಯೂ ಒಂದು ಹೊಸ ಪ್ರಶ್ನೆಯು ತಲೆದೋರಿದೆ. ಬೆಂಗಳೂರಿನಲ್ಲಿ ಓದುತ್ತಲೋ ಉದ್ಯೋಗದಲ್ಲಿಯೋ ಇರುವ ಮೊಮ್ಮಗಳು ಹಬ್ಬಕ್ಕೆ ಊರಿಗೆ ಬಂದವಳು ಹೋಳಿಗೆಯ ಮೇಲೆ ತುಪ್ಪವನ್ನು ಬೇಡವೆನ್ನುತ್ತಾಳೆ. ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾಳೆ. ಚಹಕ್ಕೂ ಹಾಲು ಹಾಕಬೇಡಿರೆನ್ನುತ್ತಾಳೆ. ತಾಯಿಗೆ ಅದು ಯಾವುದೋ ಕಾಯಿಲೆಯ ಚಿಹ್ನೆಯೆಂದು ತೋರುವುದು. ಅಜ್ಜನಿಗೆ ಅದು ಗೋಮಾತೆಗೆ ಮಾಡಿದ ಅಪಚಾರವೆಂದು ತೋರುವುದು. ‘ಹಾಲು ಕರೆದರೆ ಹಸು ಸಾಯುವುದೇನು?’ ಎಂದು ಆತನು ಕೇಳುವನು. ಮೊಮ್ಮಗಳು ಉತ್ತರ ಹೇಳಹೊರಟರೆ ಊಟದ ಹೊತ್ತೇ ಕೆಡುವುದು.

ಮಾಂಸ, ಮೀನು, ಮೊಟ್ಟೆಗಳೊಡನೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುಗಳನ್ನೂ ಬಿಟ್ಟ ಈ ಆಹಾರಕ್ರಮಕ್ಕೆ ‘ವೀಗನ್’ ಎಂದು ಹೆಸರು. ತೊಗಲು, ಉಣ್ಣೆ, ರೇಷ್ಮೆಗಳನ್ನೂ ಬಳಸಬಾರದೆಂಬುದು ಅದರ ಪೂರ್ಣರೂಪ. ಹೆಸರು ಹೊಸದಾದರೂ ನಡೆ ಹಳೆಯದು. ಸಿರಿಯಾ ದೇಶದ ಅಂಧಕವಿ ಅಬುಲ್ ಅಲಾ ಅಲ್ ಮಅರ್ರಿಯು (೯೭೩–೧೦೫೭) ತನ್ನ ಬಾಳಿನ ಉತ್ತರಾರ್ಧದಲ್ಲಿ ಮಾಂಸವನ್ನಲ್ಲದೆ ಹಾಲು, ಮೊಟ್ಟೆ, ಜೇನುಗಳನ್ನೂ ತೊರೆದಿದ್ದನು. ಇದೇಕೆಂದು ಆ ಕಾಲದ ಒಬ್ಬ ದೊಡ್ಡ ಧರ್ಮಪ್ರಚಾರಕನು ಅವನಿಗೆ ಪತ್ರಮುಖೇನ ಪ್ರಶ್ನೆಗಳನ್ನು ಹಾಕಿದನು. ಅವನು ಉತ್ತರ ಬರೆದನು. ಅಜ್ಜ ಮೊಮ್ಮಗಳ ವಾದವೂ ಹೀಗೆ ಸಾವಿರ ವರ್ಷದಷ್ಟು ಹಳೆಯದೆಂದಾಯಿತು.

ಈ ವ್ರತವನ್ನು ಎಲ್ಲರೂ ಹಿಡಿಯಬೇಕೆಂದಾಗಲಿ ಹಿಡಿಯಬಾರದೆಂದಾಗಲಿ ಹೇಳುವುದು ಈ ಭಾಷಣದ ಉದ್ದೇಶವಲ್ಲ. ಒಬ್ಬನೇ ಮನುಷ್ಯನು ಅದನ್ನು ಕೈಕೊಳ್ಳುವ ಮೊದಲು ಒಂದು ಬಗೆಯಾಗಿಯೂ ಕೈಕೊಂಡ ಬಳಿಕ ಮತ್ತೊಂದು ಬಗೆಯಾಗಿಯೂ ಕಾಣುವನಷ್ಟೆ. ಈ ಎರಡು ನೋಟಗಳ ನಡುವೆ ಏನಾಗುತ್ತದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ. ಇದಕ್ಕೆ ಮಹಾತ್ಮಾ ಗಾಂಧೀಜಿಯವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ಏಕೆಂದರೆ ಅವರು ತಮ್ಮ ಮನಸ್ಸು ತಿರುಗಿದ ಒಂದೊಂದು ತಿರುವನ್ನೂ ಮರೆಮಾಚದೆ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿರುವರು.

ಗಾಂಧೀಜಿಯವರು ವೈಷ್ಣವರ ಮನೆಯಲ್ಲಿ ಹುಟ್ಟಿದವರು. ಮಾಂಸದ ಹೆಸರನ್ನೂ ಎತ್ತದ ಮನೆ ಅದು. ಆದರೂ ರಾಜಕೋಟೆಯ ಹೈಸ್ಕೂಲಿನಲ್ಲಿದ್ದಾಗ ಒಬ್ಬ ಗೆಳೆಯನ ಮಾತಿಗೆ ಮರುಳಾಗಿ, ಇಂಗ್ಲಿಷರು ಬಲಿಷ್ಠರಾಗಿರುವುದೂ ಈ ದೇಶವನ್ನಾಳುತ್ತಿರುವುದೂ ಮಾಂಸದ ಬಲದಿಂದಲೇ ಎಂದು ನಂಬಿ, ಗುಟ್ಟಾಗಿ ಆಡಿನ ಮಾಂಸವನ್ನು ತಿಂದರು. ಆ ರಾತ್ರಿ ಹೊಟ್ಟೆಯೊಳಗೆ ಜೀವಂತವಾದ ಆಡು ಅರಚಿದಂತೆ ಅವರಿಗೆ ಕನಸಾಯಿತು. ಆದರೂ ಬಿಡಲಿಲ್ಲ, ಒಂದು ವರ್ಷದ ಅವಧಿಯಲ್ಲಿ ಐದಾರು ಬಾರಿ ತಿಂದರು. ಕಡೆಗೆ ಬಿಟ್ಟುದು ಪ್ರಾಣಿಯ ಮೇಲಣ ಕರುಣೆಯಿಂದಲ್ಲ. ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳಬೇಕಾಗುವುದಲ್ಲಾ ಎಂಬ ಸಂಕಟದಿಂದ. ತಾಯಿತಂದೆಗಳು ಇಲ್ಲವಾದ ಮೇಲೆ ಬಹಿರಂಗವಾಗಿಯೇ ತಿನ್ನಬಹುದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರಂತೆ. ೧೮೮೮ರಲ್ಲಿ ವಿಲಾಯತಿಗೆ ಹೊರಡುವಾಗ ತಾಯಿ ಪುತಳೀಬಾಯಿಯವರ ತೃಪ್ತಿಗಾಗಿ ಒಬ್ಬ ಜೈನ ಯತಿಯ ಎದುರಿಗೆ ಮಾಂಸ, ಮದ್ಯ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆಮಾಡಿದರು. ಲಂಡನ್ನಿನಲ್ಲಿ ಹೊಟ್ಟೆತುಂಬ ಊಟ ಸಿಗದೆ ಬಳಲುತ್ತಿದ್ದಾಗಲೂ ಪ್ರತಿಜ್ಞೆಯನ್ನು ಪಾಲಿಸಿದರು. ಆದರೆ ಅವರ ಅಭಿಪ್ರಾಯ ಮಾತ್ರ ಹಳೆಯದೇ ಆಗಿತ್ತು. ಭಾರತೀಯರೆಲ್ಲರೂ ಮಾಂಸ ತಿನ್ನುವಂತಾಗಲಿ, ತಾನೂ ಒಂದು ದಿನ ಬಿಡುಬೀಸಾಗಿ ತಿನ್ನುವಂತಾಗಲಿ ಎಂದೇ ಅವರು ಹಾರೈಸುತ್ತಿದ್ದರು.

ಇಲ್ಲಿ ಸ್ವಲ್ಪ ನಿಂತು ನೋಡತಕ್ಕದ್ದಿದೆ. ಆ ಹೊತ್ತಿನಲ್ಲಿ ಗಾಂಧೀಜಿಯವರ ತಟ್ಟೆಯನ್ನು ನೋಡಿದವರಿಗೆ ಅವರು ನಿಷ್ಠಾವಂತ ಶಾಕಾಹಾರಿಗಳಾಗಿ ಕಾಣುತ್ತಿದ್ದರು. ಮನಸ್ಸನ್ನು ನೋಡಿದ್ದರೆ ಮಾಂಸಾಹಾರದ ಪಕ್ಷಪಾತಿಯೊಬ್ಬರು ಕಾಣುತ್ತಿದ್ದರು. ನಡೆ ಒಂದು ಕಡೆ, ನೋಟ ಇನ್ನೊಂದು ಕಡೆ. ಹುಟ್ಟಿನಿಂದ ಶಾಕಾಹಾರಿಗಳಾದವರಲ್ಲಿ ಇಂಥ ಸ್ಥಿತಿಯು ಅಪೂರ್ವವೇನೂ ಅಲ್ಲ. ಅದನ್ನು ಒಪ್ಪಿಕೊಳ್ಳುವವರು ಅಪೂರ್ವ.

ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಶಾಕಾಹಾರದ ಭೋಜನಶಾಲೆ ಅವರ ಕಣ್ಣಿಗೆ ಬಿದ್ದಿತು. ಅದರ ಬಾಗಿಲ ಬಳಿ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟ್ ಎಂಬವರು ಶಾಕಾಹಾರದ ಪರವಾಗಿ ಬರೆದ ಪುಸ್ತಕವೂ ಇತ್ತು. ಒಂದು ಷಿಲಿಂಗ್ ಕೊಟ್ಟು ಅದನ್ನು ಕೊಂಡು ಒಳಗೆ ಹೋಗಿ, ಆ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆತುಂಬ ಉಂಡರು. ಪುಸ್ತಕವನ್ನು ಆದ್ಯಂತ ಓದಿದರು. ಅಂದಿನಿಂದ ತಾವು ಸ್ವಂತ ಆಯ್ಕೆಯಿಂದ ಶಾಕಾಹಾರಿಯಾದೆವೆಂದು ಅವರೇ ಹೇಳಿದ್ದಾರೆ. ತಿನ್ನುವ ಪದಾರ್ಥಗಳಲ್ಲಿ ಒಂದೂ ಬದಲಾಗಲಿಲ್ಲ. ಮೊದಲು ಪ್ರತಿಜ್ಞೆಯ ಸಂಕೋಲೆಯಾಗಿದ್ದುದು ಈಗ ಪ್ರಚಾರಮಾಡತಕ್ಕ ಧರ್ಮವಾಯಿತು. ಹೊಸದಾಗಿ ಮತಕ್ಕೆ ಸೇರಿದವನ ಉತ್ಸಾಹದಿಂದ ತಾವಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಒಂದು ಶಾಕಾಹಾರಿಗಳ ಸಂಘವನ್ನೇ ಕಟ್ಟಿ ಕಾರ್ಯದರ್ಶಿಗಳಾದರು. ಅದು ಕೆಲವು ತಿಂಗಳಲ್ಲಿಯೇ ನಿಂತುಹೋಯಿತೆಂಬುದು ಬೇರೆ ಮಾತು.

ಮಾಂಸವೆಂದರೆ ಏನು ಎಂಬ ಪ್ರಶ್ನೆ ಅಲ್ಲಿಂದ ಮುಂದಕ್ಕೆ ಎದ್ದಿತು. ಪ್ರತಿಜ್ಞೆಯ ಮಾತುಗಳಿಗೆ ಮೂರು ಬಗೆಯ ಅರ್ಥವನ್ನು ಅವರು ಇಂಗ್ಲಂಡಿನಲ್ಲಿ ಕಂಡರು. ಪಶುಪಕ್ಷಿಗಳ ಮಾಂಸ ಮಾತ್ರವೇ ಮಾಂಸವೆಂದು ಕೆಲವರು. ಮೀನೂ ಮಾಂಸವೇ, ಮೊಟ್ಟೆಯಲ್ಲವೆಂದು ಕೆಲವರು. ಪ್ರಾಣಿಗಳಿಂದ ಬಂದುದೆಲ್ಲವೂ, ಮೊಟ್ಟೆ ಹಾಲುಗಳು ಸಹ, ಮಾಂಸವೇ ಎಂದು ಕೆಲವರು. ತಾಯಿಯು ಯಾವ ಅರ್ಥದಲ್ಲಿ ಪ್ರತಿಜ್ಞೆ ಕೊಟ್ಟಳೋ ಅದೇ ತನಗೆ ಕಟ್ಟು ಎಂದು ನಿರ್ಣಯಿಸಿ ಗಾಂಧೀಜಿಯವರು ಮೊಟ್ಟೆಯನ್ನು ಬಿಟ್ಟರು. ತಾಯಿಯ ಅರ್ಥದಲ್ಲಿ ಹಾಲು ಮಾಂಸವಲ್ಲ. ಆದುದರಿಂದ ಹಾಲು ಉಳಿಯಿತು. ಉಳಿಯಿತೆಂದರೂ ಮೂರನೆಯ ಅರ್ಥವೊಂದು ಇದೆಯೆಂಬ ತಿಳಿವು ಅವರ ಮನಸ್ಸಿನಲ್ಲಿ ಬಿದ್ದಾಗಿತ್ತು. ಅದು ಮೊಳೆಯಲು ಇಪ್ಪತ್ತಕ್ಕೂ ಮೇಲ್ಪಟ್ಟು ವರ್ಷಗಳು ಹಿಡಿದವು.

ದಕ್ಷಿಣ ಆಫ್ರಿಕದಲ್ಲಿದ್ದಾಗ, ಕಲ್ಕತ್ತೆಯಲ್ಲಿ ಹಸು ಎಮ್ಮೆಗಳಿಂದ ಕಡೆಯ ತೊಟ್ಟು ಹಾಲನ್ನು ಹಿಂಡಲು ಮಾಡುತ್ತಿದ್ದ ‘ಫೂಕಾ’ ಎಂಬ ಕ್ರೂರಕ್ರಿಯೆಯ ವಿವರಗಳುಳ್ಳ ಕೆಲವು ಬರಹಗಳು ಅವರ ಕೈಸೇರಿದವು. ಆ ಕ್ರಿಯೆಯನ್ನು ಈ ಸಭೆಯಲ್ಲಿ ವರ್ಣಿಸುವುದು ಉಚಿತವಲ್ಲ. ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಶಾಸನದಲ್ಲಿ ಅದನ್ನು ಹೆಸರಿಸಿಯೇ ನಿಷೇಧಿಸಬೇಕಾಯಿತೆಂದರೆ ಸಾಕು. ಹಾಲು ಕಾಮವಿಕಾರಗಳನ್ನು ಕೆರಳಿಸುವುದೆಂಬ ವಿಚಾರವೂ ಅವರಲ್ಲಿ ಮೊದಲೇ ಇತ್ತು. ಟಾಲ್‌ಸ್ಟಾಯ್ ಆಶ್ರಮದಲ್ಲಿ ಅವರೂ ಅವರ ಜರ್ಮನ್ ಮಿತ್ರ ಕ್ಯಾಲೆನ್‌ಬಾಕ್ ಅವರೂ ಈ ಮಾತನ್ನು ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದರು. ಒಂದು ದಿನ ಕ್ಯಾಲೆನ್‌ಬಾಕ್ ಅವರು, ಹಾಲಿನ ದೋಷಗಳನ್ನು ಯಾವಾಗಲೂ ಎಣಿಸುತ್ತಿರುವ ಬದಲು ಅದನ್ನು ಬಿಟ್ಟೇಬಿಡಬಾರದೇಕೆ ಎಂದರು. ೧೯೧೨ರಲ್ಲಿ ಇಬ್ಬರೂ ಹಾಲನ್ನು ಬಿಟ್ಟರು. ಎಷ್ಟೋ ವರ್ಷ ಮಾತಾಗಿ ಇದ್ದುದು ಒಂದು ದಿನದಲ್ಲಿ ನಡೆಯಾಯಿತು. ಅವರ ಮುಂದಿನ ಊಟವೆಂದರೆ ಶೇಂಗಾ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ. ಬಡವರಲ್ಲಿ ಬಡವನಿಗೂ ದೊರಕುವ ಊಟವನ್ನು ಉಣ್ಣಬೇಕೆಂಬ ಹಂಬಲವೂ ಅದರಲ್ಲಿ ಸೇರಿತ್ತು.

ಬಿಡುವ ಮೊದಲಿನ ನೋಟಕ್ಕೂ ಬಿಟ್ಟ ಬಳಿಕದ ನೋಟಕ್ಕೂ ಇರುವ ಅಂತರವು ಇಲ್ಲಿ ತಿಳಿದುಬರುವುದು. ಬಿಡದವನಿಗೆ ಮುಂದೆ ಕಾಣುವುದು ನಷ್ಟ. ಮೊಸರಿಲ್ಲದೆ ಅನ್ನ ಹೇಗೆ ಇಳಿಯುವುದು, ಬಲ ಎಲ್ಲಿಂದ ಬರುವುದು, ನೆಂಟರ ಮನೆಯಲ್ಲಿ ಏನೆಂದುಕೊಳ್ಳುವರು ಎಂಬುವೇ ಅವನ ಪ್ರಶ್ನೆಗಳು. ಹಸುವಿನ ಮಾತು ಅವುಗಳ ನಡುವೆ ಎಲ್ಲಿಯೋ ಒಂದು ಮೂಲೆಯಲ್ಲಿ ಬರುವುದು. ಬಿಟ್ಟು ಕೆಲವು ತಿಂಗಳಾದ ಮೇಲೆ ಈ ಪ್ರಶ್ನೆಗಳು ತಾವಾಗಿಯೇ ಸಣ್ಣವಾಗುತ್ತವೆ. ಬಿಜಾಪುರ ಧಾರವಾಡಗಳ ಕಡೆಯ ಊಟವನ್ನೇ ನೋಡಿರಿ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ: ಇವುಗಳಲ್ಲಿ ಹಾಲಿನ ಸಂಬಂಧವುಳ್ಳದ್ದು ಯಾವುದು? ಕಡೆಯಲ್ಲಿ ಬರುವ ಮೊಸರೊಂದನ್ನು ತೆಗೆದರೆ ಇಡೀ ತಟ್ಟೆಯು ವೀಗನ್ ತಟ್ಟೆಯೇ. ಉಳುವವನ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಊಟವು ದೂರದೇಶದ ವ್ರತವೆಂದು ಹೆದರಿಸುವುದು ವಿಚಿತ್ರವಲ್ಲವೇ?

ನಷ್ಟದ ಭಯವು ಸರಿದಮೇಲೆ ಮೂಲೆಯಲ್ಲಿದ್ದ ಹಸು ಎದುರಿಗೆ ಬಂದು ನಿಲ್ಲುವುದು. ರಷ್ಯಾ ದೇಶದ ಟಾಲ್‌ಸ್ಟಾಯ್ ಮಹಾಶಯರು ತಾರುಣ್ಯದಲ್ಲಿ ದೊಡ್ಡ ಬೇಟೆಗಾರರು. ಮಾಂಸವನ್ನು ಬಿಟ್ಟು ಕೆಲವು ವರ್ಷಗಳಾದ ಮೇಲೆ ಅವರು ತೂಲಾ ಪಟ್ಟಣದ ಕಸಾಯಿಖಾನೆಗೆ ತಾವಾಗಿ ಹೋಗಿ, ಅಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿ, ೧೮೯೨ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ವರ್ಣಿಸಿದರು. ನೋಡಿ ಬಿಟ್ಟವರಲ್ಲ ಅವರು, ಬಿಟ್ಟು ನೋಡಿದವರು. ತಿನ್ನುತ್ತಿರುವಾಗ ನೋಡುವುದಕ್ಕೆ ಧೈರ್ಯ ಸಾಲದು. ನೋಡಿದರೆ ಏನನ್ನಾದರೂ ಮಾಡಬೇಕಾಗುವುದೆಂದು ಮನಸ್ಸು ಒಳಗೊಳಗೇ ಬಲ್ಲದು.

ಹಾಲಿನ ವಿಷಯದಲ್ಲಿ ಹೀಗೆ ಮುಖ ತಿರುಗಿಸಿಕೊಂಡವರಲ್ಲಿ ಶಾಕಾಹಾರಿಗಳೇ ಮುಂದು. ಗಾಂಧೀಜಿಯವರು ಹಾಲನ್ನು ಬಿಟ್ಟ ಆ ೧೯೧೨ರಲ್ಲಿಯೇ ಇಂಗ್ಲಂಡಿನ ಶಾಕಾಹಾರಿಗಳ ಪತ್ರಿಕೆಯಲ್ಲಿ ಹಾಲು ಮೊಟ್ಟೆಗಳ ವಿಚಾರವಾಗಿ ಚರ್ಚೆ ನಡೆದು, ಇವುಗಳ ಬಳಕೆಗೆ ಶಾಕಾಹಾರಿಗಳು ಕೊಟ್ಟ ಸಮರ್ಥನೆಯು ತೃಪ್ತಿಕರವಾಗಿಲ್ಲವೆಂದು ಸಂಪಾದಕರೇ ಒಪ್ಪಿಕೊಂಡರು. ಒಪ್ಪಿಕೊಂಡು ಎಲ್ಲರೂ ಹಾಲು ಕುಡಿಯುತ್ತಲೇ ಇದ್ದರು. ಮೂವತ್ತೆರಡು ವರ್ಷಗಳಾದ ಮೇಲೆ ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಉಪಾಧ್ಯಾಯರು ಈ ಮಾತನ್ನು ಮತ್ತೆ ಎತ್ತಿದರು.

ವಾಟ್ಸನ್ ಅವರು ೧೯೧೦ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಒಬ್ಬ ಸೋದರಸಂಬಂಧದ ಹಿರಿಯರ ಹೊಲಮನೆಗೆ ಹೋಗುತ್ತಿದ್ದರು. ಅಲ್ಲಿ ಕುದುರೆ ನೇಗಿಲೆಳೆಯುತ್ತಿತ್ತು, ಹಸು ಹಾಲು ಕೊಡುತ್ತಿತ್ತು, ಕೋಳಿ ಮೊಟ್ಟೆ ಕೊಡುತ್ತಿತ್ತು; ಹಂದಿಗಳು ಏನು ಕೊಡುವುವೋ ಹುಡುಗನಿಗೆ ತಿಳಿಯದು, ಆದರೆ ಅವು ಸ್ನೇಹದಿಂದ ಬಳಿಗೆ ಬರುತ್ತಿದ್ದವು. ಒಂದು ದಿನ ಒಂದು ಹಂದಿಯನ್ನು ಕೊಯ್ದುದನ್ನು ಆತನು ಕಂಡನು. ಅದರ ಕೂಗಿಗಿಂತ ಹೆಚ್ಚಾಗಿ ಆತನ ಎದೆಗೆ ತಾಗಿದುದು, ತಾನು ಪ್ರೀತಿಸುತ್ತಿದ್ದ ಆ ಒಳ್ಳೆಯ ಹಿರಿಯರೂ ಕೊಯ್ಯುವವರ ಜೊತೆಯಲ್ಲಿ ನಿಂತಿದ್ದುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಂಸವನ್ನು ಬಿಟ್ಟರು. ಹಾಲನ್ನು ಬಿಡಲು ಮತ್ತೆ ಎಷ್ಟೋ ವರ್ಷಗಳು ಬೇಕಾದವು.

೧೯೪೪ರಲ್ಲಿ, ಹಾಲನ್ನು ಬಿಟ್ಟವರಿಗಾಗಿ ಶಾಕಾಹಾರಿ ಸಂಘದ ಪತ್ರಿಕೆಯಲ್ಲಿ ಒಂದಿಷ್ಟು ಸ್ಥಳ ಬೇಕೆಂದು ವಾಟ್ಸನ್ ಕೇಳಿದರು. ಸಂಘವು ಒಪ್ಪಲಿಲ್ಲ. ಯುದ್ಧದ ಬಾಂಬುಗಳು ಲಂಡನ್ನಿನ ಮೇಲೆ ಇನ್ನೂ ಬೀಳುತ್ತಿದ್ದ ಆ ನವೆಂಬರಿನಲ್ಲಿ ಅವರೂ ಇನ್ನು ಕೆಲವೇ ಮಂದಿಯೂ ಸೇರಿ ಹೊಸ ಸಂಘವನ್ನು ಕಟ್ಟಿದರು. ಹೆಸರಿಗಾಗಿ ‘ಡೇರಿಬ್ಯಾನ್’, ‘ವೈಟನ್’, ‘ಬೆನೆವೋರ್’ ಮುಂತಾದ ಎಷ್ಟೋ ಸೂಚನೆಗಳು ಬಂದುವಂತೆ. ಅವುಗಳಲ್ಲಿ ಒಂದಾದರೂ ನಿಂತಿದ್ದರೆ ಮೊಮ್ಮಗಳಿಗೆ ತನ್ನ ವ್ರತದ ಹೆಸರನ್ನು ಅಜ್ಜನಿಗೆ ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ‘ವೆಜಿಟೇರಿಯನ್’ ಎಂಬ ಇಂಗ್ಲಿಷ್ ಪದದ ಮೊದಲ ಮೂರು ಅಕ್ಷರಗಳನ್ನೂ ಕಡೆಯ ಎರಡನ್ನೂ ಕೂಡಿಸಿ ‘ವೀಗನ್’ ಎಂದು ಮಾಡಿದರು. ಶಾಕಾಹಾರದ ಆದಿಯೂ ಅಂತ್ಯವೂ ಇದೇ ಎಂಬುದು ವಾಟ್ಸನ್ ಅವರ ಭಾವ.

ಇನ್ನು, ಹಾಲು ಬಿಟ್ಟವರ ಕಣ್ಣಿಗೆ ಬೀಳುವುದಾದರೂ ಏನು? ‘ಹಾಲು ಕರೆದರೆ ಹಸು ಸಾಯುವುದೇನು’ ಎಂಬ ಅಜ್ಜನ ಪ್ರಶ್ನೆಯು ಪೊಳ್ಳಲ್ಲ. ಹಿತ್ತಿಲಲ್ಲಿ ಹಸು ಕಟ್ಟಿ, ಕರುವಿಗೆ ಪಾಲು ಬಿಟ್ಟು ಕರೆದು, ಹೋರಿಗರುವನ್ನು ಎತ್ತಾಗಿ ಬೆಳೆಯಿಸಿ, ಮುದಿಹಸುವನ್ನು ಮನೆಯ ಮುದುಕಿಯಂತೆ ಸಾಕಿದ ಕಾಲವನ್ನು ಆತನು ಕಂಡಿದ್ದಾನೆ. ಆ ಮನೆಗಳಲ್ಲಿಯೂ ಕರು ಸತ್ತರೆ ಅದರ ತೊಗಲಿನೊಳಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವ ವಾಡಿಕೆ ಇತ್ತೆಂಬುದನ್ನು ಆತನು ಮರೆತಿರಲಾರನು. ಆದರೂ ಹೋರಿಗೆ ಕೆಲಸವಿತ್ತು. ಈಗ ಟ್ರ್ಯಾಕ್ಟರು ಬಂದಿದೆ. ಕರು ಹಾಕದೆ ಹಸುವಿಗೆ ಹಾಲಿಲ್ಲ; ಹಾಕಿದ ಕರುಗಳಲ್ಲಿ ಅರ್ಧದಷ್ಟು ಗಂಡು. ಆ ಗಂಡುಗಳು ಎಲ್ಲಿ? ೨೦೧೯ರ ಜಾನುವಾರು ಗಣತಿಯಲ್ಲಿ ಭಾರತದ ದನಗಳು ಸುಮಾರು ೧೯ ಕೋಟಿ. ಅವುಗಳಲ್ಲಿ ಹೆಣ್ಣುಗಳು ೧೪ ಕೋಟಿ ೫೧ ಲಕ್ಷ. ಗಂಡುಗಳು ಐದು ಕೋಟಿಯೂ ಇಲ್ಲ. ಹಿಂದಿನ ಗಣತಿಯಾದ ೨೦೧೨ಕ್ಕಿಂತ ಹಸುಗಳು ನೂರಕ್ಕೆ ೧೮ರಷ್ಟು ಹೆಚ್ಚಿದ್ದವು. ಗಂಡುಗಳು ನೂರಕ್ಕೆ ೩೦ರಷ್ಟು ಇಳಿದಿದ್ದವು. ಸಮಸಮವಾಗಿ ಹುಟ್ಟಿದವುಗಳಲ್ಲಿ ಒಂದು ಪಾಲು ಹೀಗೆ ಕರಗಿಹೋಗಿರುವುದಕ್ಕೆ ಅರ್ಥವೇನೆಂದು ಹಾಲು ಬಿಟ್ಟವನು ಕೇಳುತ್ತಾನೆ. ಹಾಲು ಕುಡಿಯುವವನು ಈ ಗಣತಿಯನ್ನು ಓದಬಾರದೆಂದೇನೂ ಇಲ್ಲ. ಓದುವ ಅಗತ್ಯ ಅವನಿಗೆ ತೋರುವುದಿಲ್ಲ, ಅಷ್ಟೆ. ಹೆಣ್ಣುಕರುವೇ ಹುಟ್ಟುವಂತೆ ಹೋರಿಯ ಬೀಜವನ್ನು ಮೊದಲೇ ವಿಂಗಡಿಸುವ ಶಾಸ್ತ್ರೀಯ ಉಪಾಯವು ಈಗ ಸರಕಾರದ ನೆರವಿನಿಂದ ಬಳಕೆಗೆ ಬಂದಿದೆ. ಗಂಡುಕರುವಿನ ಸಂಕಟವನ್ನು ಅದು ಹುಟ್ಟುವುದನ್ನೇ ತಡೆದು ಪರಿಹರಿಸಹೊರಟಿರುವರು.

ಇದರ ಮಗ್ಗುಲಲ್ಲಿಯೇ ಇನ್ನೊಂದು ಸತ್ಯವಿದೆ. ೧೯೯೮ರಿಂದ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲನ್ನು ಉತ್ಪಾದಿಸುವ ದೇಶ ಭಾರತ. ಆ ಹಾಲಿನಲ್ಲಿ ಬಹುಭಾಗವು ದೊಡ್ಡ ಬಂಡವಾಳಗಾರರ ಕೊಟ್ಟಿಗೆಯದಲ್ಲ. ಒಂದೆರಡು ಹಸು ಎಮ್ಮೆಗಳನ್ನು ಕಟ್ಟಿಕೊಂಡ ಬಡ ಒಕ್ಕಲಿನದು. ಮಳೆ ಕೈಕೊಟ್ಟ ವರ್ಷ ಊರಿನ ಹಾಲಿನ ಡೇರಿಯಿಂದ ಬರುವ ಹಣದಲ್ಲಿಯೇ ಮಕ್ಕಳ ಶಾಲೆ, ಮನೆಯ ಎಣ್ಣೆ ಉಪ್ಪು ಎಲ್ಲವೂ ನಡೆಯಬೇಕು. ಗಂಡನಿಲ್ಲದ ಹೆಂಗಸೊಬ್ಬಳು ಎರಡು ಎಮ್ಮೆಗಳಿಂದ ಮೂರು ಮಕ್ಕಳನ್ನು ಸಾಕಿದ ಸಂಸಾರವು ಪ್ರತಿಯೊಂದು ಹಳ್ಳಿಯಲ್ಲಿಯೂ ಸಿಕ್ಕೀತು. ಹಾಲನ್ನು ಹೊಸದಾಗಿ ಬಿಟ್ಟವನು ಈಕೆಯ ಅಂಗಳದಲ್ಲಿ ನಿಂತು ಉಪದೇಶ ಮಾಡುವುದಾದರೆ, ಒಂದು ಕುರುಡನ್ನು ಕಳೆದುಕೊಂಡು ಮತ್ತೊಂದು ಕುರುಡನ್ನು ತಂದುಕೊಂಡಂತಾಗುವುದು.

ಈ ಎರಡನೆಯ ಕುರುಡು ವ್ರತಿಗಳಿಗೆ ಬಹು ಬೇಗ ಅಂಟುವಂಥದು. ನಿನ್ನೆಯವರೆಗೆ ತಾನೂ ಕುಡಿಯುತ್ತಿದ್ದನೆಂಬುದನ್ನು ಮರೆತು, ಇಂದು ಕುಡಿಯುವವರೆಲ್ಲರೂ ಕಟುಕರೆನ್ನುವನು. ತನಗೆ ಇಪ್ಪತ್ತು ವರ್ಷ ಹಿಡಿದುದು ಎದುರಿನವನಿಗೆ ಇಪ್ಪತ್ತು ನಿಮಿಷದಲ್ಲಿ ಆಗಬೇಕೆನ್ನುವನು. ಗಾಂಧೀಜಿಯವರು ೧೯೩೧ರ ನವೆಂಬರ್ ೨೦ರಂದು ಲಂಡನ್ನಿನ ಶಾಕಾಹಾರಿಗಳ ಸಂಘದಲ್ಲಿ ಮಾತನಾಡಿದರು. ಒಂದು ಷಿಲಿಂಗಿನ ಆ ಪುಸ್ತಕವನ್ನು ಬರೆದ ಹೆನ್ರಿ ಸಾಲ್ಟ್ ಅವರು ವೃದ್ಧರಾಗಿ ಅಂದು ವೇದಿಕೆಯಲ್ಲಿ ಅವರ ಸಮೀಪದಲ್ಲಿಯೇ ಕುಳಿತಿದ್ದರು. ಶಾಕಾಹಾರಿಗಳು ಅನ್ಯರ ವಿಷಯದಲ್ಲಿ ಸಹನೆಯಿಂದಿರಬೇಕೆಂದೂ, ಯಾವಾಗಲೂ ಊಟವನ್ನೂ ರೋಗವನ್ನೂ ಕುರಿತೇ ಮಾತನಾಡುವವರು ಬಹಳ ಕಾಲ ನಿಲ್ಲುವುದಿಲ್ಲವೆಂದೂ, ಆರೋಗ್ಯದ ಆಸೆಯಿಂದ ಹಿಡಿದ ವ್ರತವು ಜಾರುವುದೆಂದೂ, ನೀತಿಯ ಆಧಾರವಿದ್ದರೆ ಮಾತ್ರ ನಿಲ್ಲುವುದೆಂದೂ ಅವರು ಅಲ್ಲಿ ಹೇಳಿದರು. ಇದನ್ನು ಹೇಳುವ ಅಧಿಕಾರ ಅವರಿಗೆ ಬಂದುದು ಗೆದ್ದುದರಿಂದಲ್ಲ, ಸೋತುದರಿಂದ. ಆ ಕಥೆಯನ್ನು ಹೇಳದೆ ಈ ವಿಷಯವು ಪೂರ್ಣವಾಗದು.

ಹಾಲನ್ನು ಬಿಟ್ಟ ಎರಡು ವರ್ಷಕ್ಕೆ, ೧೯೧೪ರಲ್ಲಿ, ಲಂಡನ್ನಿನಲ್ಲಿ ಗಾಂಧೀಜಿಯವರಿಗೆ ಪಕ್ಕೆಯ ಉರಿಯೂತ ಬಂದಿತು. ಡಾಕ್ಟರ್ ಜೀವರಾಜ ಮೆಹತಾ ಅವರು ಹಾಲು ಕುಡಿಯಿರೆಂದು ಬೇಡಿಕೊಂಡರು. ಗುರುಸಮಾನರಾದ ಗೋಖಲೆಯವರೂ ಒತ್ತಾಯಮಾಡಿದರು. ಗಾಂಧೀಜಿಯವರು ಒಂದು ರಾತ್ರಿಯೆಲ್ಲ ಯೋಚಿಸಿ ಕುಡಿಯಲಾರೆನೆಂದರು. ೧೯೧೮ರಲ್ಲಿ ಖೇಡಾ ಜಿಲ್ಲೆಯ ತಿರುಗಾಟದ ಕಡೆಯಲ್ಲಿ ಬಂದ ಅತಿಸಾರವು ಅವರನ್ನು ಸಾವಿನ ಬಾಗಿಲಿಗೆ ಒಯ್ದಿತು. ಮುಂಬಯಿಯ ಡಾಕ್ಟರ್ ದಲಾಲರು, ಹಾಲು ಕುಡಿಯದ ಹೊರತು ಈ ದೇಹವನ್ನು ಮತ್ತೆ ಕಟ್ಟಲಾರೆನೆಂದು ಕಡ್ಡಿಮುರಿದಂತೆ ಹೇಳಿದರು. ಗಾಂಧೀಜಿಯವರು ಫೂಕಾ ಕ್ರಿಯೆಯನ್ನು ನೆನೆಸಿ ವ್ರತ ಹಿಡಿದ ಸಂಗತಿಯನ್ನು ವಿವರಿಸಿದರು. ಮಂಚದ ಬಳಿಯಲ್ಲಿದ್ದ ಕಸ್ತೂರಿಬಾ ಅವರು ಇದನ್ನು ಕೇಳಿ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯೇನೆಂದರು.

ಈ ಮಾತನ್ನು ಆಡಿದ ತಾಯಿ ಯಾರೆಂಬುದನ್ನು ನೆನೆಯಬೇಕು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಎದ್ದು ಕೂರಲಾರದೆ ಮಲಗಿದ್ದಾಗ, ಮಾಂಸದ ಸಾರು ಕುಡಿಯದಿದ್ದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದರೂ ಆಕೆ ಒಪ್ಪಲಿಲ್ಲ. ಸತ್ತರೂ ಸರಿ, ಅದನ್ನು ಮುಟ್ಟುವುದಿಲ್ಲವೆಂದರು. ಮಳೆ ಹನಿಯುತ್ತಿದ್ದಾಗ ಆ ಸ್ಥಿತಿಯಲ್ಲಿಯೇ ಆಕೆಯನ್ನು ಫೀನಿಕ್ಸ್ ಆಶ್ರಮಕ್ಕೆ ಸಾಗಿಸ ಬೇಕಾಯಿತು. ಆಕೆ ಸಾಲ್ಟ್ ಅವರ ಪುಸ್ತಕವನ್ನು ಓದಿದವರಲ್ಲ, ಯಾವ ಸಂಘಕ್ಕೂ ಸೇರಿದವರಲ್ಲ. ಹುಟ್ಟಿನಿಂದ ಬಂದ ನಡೆಯು ಎಲ್ಲರಲ್ಲಿಯೂ ಬರಿಯ ರೂಢಿಯಾಗಿರುವುದೆಂದು ತಿಳಿಯುವವರಿಗೆ ಇದೇ ಉತ್ತರ. ತನ್ನ ಪ್ರಾಣಕ್ಕೆ ರಿಯಾಯಿತಿ ಕೊಡದ ಆ ತಾಯಿಯು ಗಂಡನ ಪ್ರಾಣಕ್ಕಾಗಿ ವ್ರತದಲ್ಲಿ ಒಂದು ಕಿಂಡಿಯನ್ನು ಹುಡುಕಿದರು.

ಗಾಂಧೀಜಿಯವರು ಆಡಿನ ಹಾಲನ್ನು ಕುಡಿದರು. ದೇಶಸೇವೆಗಾಗಿ ಬದುಕಬೇಕೆಂಬ ಆಸೆಯು ತಮ್ಮನ್ನು ಸೋಲಿಸಿತೆಂದು ಅವರೇ ಬರೆದಿದ್ದಾರೆ. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳೇ ಆದರೂ ವ್ರತದ ಆತ್ಮವು ಎಲ್ಲ ಹಾಲಿಗೂ ಅನ್ವಯಿಸುತ್ತಿತ್ತು. ತಾವು ಅಕ್ಷರವನ್ನು ಉಳಿಸಿಕೊಂಡು ಆತ್ಮವನ್ನು ಕೊಂದೆವೆಂದು ಅವರು ಮರುಗಿದರು. ಹಾಲಿಗೆ ಸಮನಾಗಿ ಪುಷ್ಟಿಕೊಡುವ, ಸುಲಭವಾಗಿ ಅರಗುವ ಸಸ್ಯಪದಾರ್ಥವನ್ನು ಅನುಭವದಿಂದ ಬಲ್ಲವರು ಯಾರಾದರೂ ಇದ್ದರೆ ತಿಳಿಸಿರೆಂದು ಓದುಗರನ್ನು ಬೇಡಿಕೊಂಡರು. ೧೯೪೨ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯವನ್ನು ಕುರಿತು ಬರೆಯುವಾಗಲೂ, ತಾವು ನಿತ್ಯವೂ ಕುಡಿಯುತ್ತಿದ್ದ ಹಾಲನ್ನು ಪ್ರಾಣಿಜನ್ಯ ಆಹಾರದ ಪಟ್ಟಿಗೇ ಸೇರಿಸಿದರು. ಹಾಲು ಕುಡಿಯುವವನು ಮರಿಯಾಗದ ಮೊಟ್ಟೆಗೆ ಅಡ್ಡಿ ಹೇಳಬೇಕಾದ ಕಾರಣವಿಲ್ಲವೆಂಬಷ್ಟು ದೂರ ಹೋದರು. ಕುಡಿಯುವವರೇ ಹೀಗೆ ತಮ್ಮ ವಿರುದ್ಧವಾಗಿ ಸಾಕ್ಷಿ ಹೇಳಿಕೊಂಡುದು ಬಹು ವಿರಳ. ಅವರ ನಡೆಯು ಹಿಂದಕ್ಕೆ ಹೋಯಿತು. ಕಂಡ ನೋಟವು ಹಿಂದಕ್ಕೆ ಹೋಗಲಿಲ್ಲ.

ಅವರ ಬೇಡಿಕೆಗೆ ವಿಜ್ಞಾನವು ಉತ್ತರ ಕೊಡಲಾರಂಭಿಸಿದುದು ಅವರು ತೀರಿಕೊಂಡ ೧೯೪೮ರಲ್ಲಿಯೇ ಎಂಬುದು ವಿಧಿಯ ವಿಚಿತ್ರ. ಬಿ-೧೨ ಎಂಬ ಜೀವಸತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದುದು ಆ ವರ್ಷ. ರಕ್ತಕ್ಕೂ ನರಗಳಿಗೂ ಇದು ಅವಶ್ಯಕ. ಸಸ್ಯಾಹಾರದಲ್ಲಿ ನೆಚ್ಚತಕ್ಕಷ್ಟು ದೊರೆಯುವುದಿಲ್ಲ. ೧೯೪೪ರಲ್ಲಿ ಸಂಘ ಕಟ್ಟಿದವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ೧೯೫೦ರ ದಶಕದಲ್ಲಿ ಇಂಗ್ಲಂಡಿನ ವೀಗನ್ನರನ್ನು ಪರೀಕ್ಷಿಸಿದಾಗ ಕೆಲವರಲ್ಲಿ ಇದರ ಕೊರತೆಯ ಲಕ್ಷಣಗಳು ಕಂಡುಬಂದವು. ಈಗ ಸೂಕ್ಷ್ಮಜೀವಿಗಳಿಂದ ತಯಾರಾದ ಬಿ-೧೨ರ ಗುಳಿಗೆ ಎಲ್ಲ ಔಷಧದಂಗಡಿಗಳಲ್ಲಿಯೂ ದೊರೆಯುವುದು. ಹಾಲು ಬಿಟ್ಟವರು ಅದನ್ನು ತಪ್ಪದೆ ತೆಗೆದುಕೊಳ್ಳಬೇಕೆಂದು ವೀಗನ್ ಸಂಘವೇ ಹೇಳುತ್ತದೆ. ಗುಳಿಗೆ ನುಂಗಬೇಕಾದ ಆಹಾರವು ಸಹಜವೇ ಎಂದು ಬಿಡದವರು ಕೇಳುವರು. ಉಪ್ಪಿನಲ್ಲಿ ಅಯೋಡಿನ್ ಬೆರೆಸಿ ತಿನ್ನುವುದು ಸಹಜವೇ ಎಂದು ಬಿಟ್ಟವರು ಕೇಳುವರು. ಇದಕ್ಕೆ ಇಷ್ಟು ಸಾಕು. ತಾಯಿಯು ಮಗಳ ತಟ್ಟೆಯನ್ನು ನೋಡಿ ಅಂಜಿದುದು ಪೂರ್ತಿ ಅವಿವೇಕವಲ್ಲವೆಂಬುದನ್ನು ಮಗಳು ತಿಳಿಯಬೇಕು. ಅಂಜಿಕೆಗೆ ಪರಿಹಾರವಿದೆಯೆಂಬುದನ್ನು ತಾಯಿ ತಿಳಿಯಬೇಕು.

ವಾಟ್ಸನ್ ಅವರು ೨೦೦೫ರ ನವೆಂಬರಿನಲ್ಲಿ, ೯೫ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗುಡ್ಡ ಹತ್ತುವುದೂ ತೋಟದ ಕೆಲಸವೂ ಮುಪ್ಪಿನವರೆಗೂ ಅವರಿಗೆ ಪ್ರಿಯವಾಗಿದ್ದವು. ಸನಿಕೆಯಿಂದ ಅಗೆದರೆ ಎರೆಹುಳುಗಳು ತುಂಡಾಗುವುವೆಂದು ಹಲ್ಲುಗಳುಳ್ಳ ಅಗೆಯುವ ಕವೆಯನ್ನೇ ಬಳಸುತ್ತಿದ್ದರಂತೆ. ಹಂದಿಯಿಂದ ಹೊರಟ ನೋಟವು ಹಸುವನ್ನು ದಾಟಿ ಎರೆಹುಳುವಿನವರೆಗೆ ಬಂದಿತ್ತು.

ಭಾರತ ಸರಕಾರದ ಆಹಾರ ಸುರಕ್ಷತೆಯ ಪ್ರಾಧಿಕಾರವು ೨೦೨೨ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಗಳನ್ನೂ ಗುರುತನ್ನೂ ಗೊತ್ತುಮಾಡಿದೆ. ಹಾಲಿನ ಪೊಟ್ಟಣಕ್ಕೆ ಶಾಕಾಹಾರದ ಹಸಿರು ಚುಕ್ಕೆಯೂ ಉಂಟು. ಇವೆಲ್ಲ ಅಂಗಡಿಯಲ್ಲಿ ಬಗೆಹರಿಯುವ ಮಾತು. ಅಜ್ಜನ ಮನೆಯಲ್ಲಿ ಬಗೆಹರಿಯದ ಮಾತು ಬೇರೊಂದಿದೆ. ಹಾಲು ಬೇಡವೆಂದ ಮೊಮ್ಮಗಳು ಬೆಳಿಗ್ಗೆ ಮಿಂದು ಲಿಂಗಪೂಜೆಗೆ ಕುಳಿತು ಹಣೆಗೆ ವಿಭೂತಿಯನ್ನು ಧರಿಸುವಳು. ವಿಭೂತಿಯು ಹಸುವಿನ ಸಗಣಿಯನ್ನು ಸುಟ್ಟು ಮಾಡಿದುದು, ಅಷ್ಟಾವರಣಗಳಲ್ಲಿ ಒಂದು. ಅಜ್ಜನು ಇದುವರೆಗೆ ಗದರಿಸಿದ್ದಾನೆಯೇ ಹೊರತು ಈ ಪ್ರಶ್ನೆಯನ್ನು ಕೇಳಿಲ್ಲ. ಕೇಳಿದರೆ ಅವಳು ಯೋಚಿಸಬೇಕಾದೀತು. ಯೋಚಿಸಿ, ಹಿತ್ತಿಲ ಕೊಟ್ಟಿಗೆಯಲ್ಲಿದ್ದ ಹೋರಿಗರು ಈ ಸಾರಿ ಏಕೆ ಕಾಣುವುದಿಲ್ಲವೆಂದು ಅಜ್ಜನನ್ನು ತಾನೂ ಕೇಳಿಯಾಳು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿರುವಾಗ ಕೇಳತಕ್ಕ ಪ್ರಶ್ನೆಗಳಿವು.